ಕಾಶಿಯಲ್ಲಿ ಬಿಟ್ಟ ಉಪ್ಪು

ಮೊನ್ನೆ ಕಾಶಿಯ ಗೋದೌಲಿಯಾ ಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿಯವನು ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದುಕೊಂಡು ಯಂತ್ರದ ಬಿಡಿಭಾಗಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ಈಗ ಸೀಮೆಎಣ್ಣೆ ಯಾರ ಮನೆಯಲ್ಲಿದೆ ಹೇಳಿ? ಆ ವಾಸನೆ ನನ್ನ ಮೂಗಿಗೆ ಬಡಿದು ಎಷ್ಟೋ ವರ್ಷವಾಗಿತ್ತು. ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಸೈಕಲ್ ರಿಕ್ಷಾದವನು, "ಅರೇ ಬಹನ್‌ಜೀ, ರಾಸ್ತೇ ಮೇ ಮೂರ್ತಿ ಬನ್ ಗಯೀಂ ಕ್ಯಾ?" ಎಂದು, ದಾರಿಯಲ್ಲೇ ವಿಗ್ರಹವಾಗಿಬಿಟ್ಟಿರಾ ಎಂದು ರೇಗಿದ. ರೇಗಲಿ ಬಿಡಿ. ಸೀಮೆಎಣ್ಣೆ ಎಂದರೆ ಬೇರೆಯವರಿಗೆ ಸ್ಟೌ ನೆನಪಾಗಬಹುದು, ಕರೆಂಟು ಹೋದಾಗಿನ ಲಾಟೀನು ನೆನಪಾಗಬಹುದು. ನನಗೆ ನೆನಪಾಗುವುದು ದಪ್ಪ ಗಾಜಿನ ಒಂದು ಸೀಸೆ, ಅದರೊಳಗೆ ಸೀಮೆಎಣ್ಣೆಯಲ್ಲಿ ಮುಳುಗಿಕೊಂಡಿದ್ದ ಬೂದುಬಣ್ಣದ ಒಂದು ಗಟ್ಟಿ, ಆ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಕಾಲೇಜಿನಿಂದ ತಂದಿದ್ದ ನನ್ನ ಚಿಕ್ಕಪ್ಪ. ಗಲ್ಲಿಯ ನಡುವೆ ನಿಂತು ನನಗೆ ಅಳು ಬಂತು. ನಲವತ್ತರ ಹತ್ತಿರ ಬಂದ ಹೆಂಗಸು ಹೊಲಿಗೆ ಯಂತ್ರ ನೋಡಿ ಅಳುತ್ತಾಳೆಂದರೆ ಜನ ಏನಂದುಕೊಳ್ಳಬೇಕು! ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುಂದೆ ಹೋದೆ.

ನಮ್ಮ ಮನೆ ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿತ್ತು. ಇತ್ತು ಎನ್ನುತ್ತೇನೆ, ಏಕೆಂದರೆ ಈಗ ಅಲ್ಲಿ ನೀಲಿ ಬಣ್ಣದ ಲಾಡ್ಜೊಂದಿದೆ. ನಮ್ಮ ಠಾಕುರ್‌ಜಿ ಕೋಣೆ, ಅಂದರೆ ದೇವರ ಕೋಣೆ, ಇದ್ದ ಜಾಗದಲ್ಲಿ ಯಾರೋ ಕಾಫಿ ಯಂತ್ರ ಇಟ್ಟಿದ್ದಾರೆ. ಅಜ್ಜನ ಕಾಲಕ್ಕೇ ಮೈಸೂರು ಸೀಮೆಯಿಂದ ಬಂದವರು ನಾವು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗಾಪೂಜೆ, ಶ್ರಾದ್ಧ ಮಾಡಿಸುವುದು ಅಪ್ಪನ ಕೆಲಸ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ನಾನಂತೂ ಎರಡನ್ನೂ ಕಲಸಿ ಮಾತಾಡಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದೆ. ಅಪ್ಪನ ತಮ್ಮ ಚಿಕ್ಕಪ್ಪ, ಅಜ್ಜಿಗೆ ರಾಜು, ಮನೆತನದ ಕೆಲಸ ಬಿಟ್ಟು ಒಂದು ಇಂಟರ್ ಕಾಲೇಜಿನಲ್ಲಿ ರಸಾಯನ ಶಾಸ್ತ್ರದ ಮೇಷ್ಟ್ರಾಗಿದ್ದ. ಮದುವೆ ಆಗಿರಲಿಲ್ಲ. ಅವನ ಕೋಣೆಯ ಗೋಡೆಯಲ್ಲಿ ದೇವರ ಕ್ಯಾಲೆಂಡರಿನ ಪಕ್ಕದಲ್ಲೇ ಧಾತುಗಳ ಆವರ್ತ ಕೋಷ್ಟಕ ನೇತಾಡುತ್ತಿತ್ತು. ಅಜ್ಜಿ ಬೆಳಗ್ಗೆ ಊದುಬತ್ತಿ ಹಚ್ಚಿದಾಗ ಎರಡಕ್ಕೂ ತೋರಿಸಿಬಿಡುತ್ತಿದ್ದಳು. "ಅದು ದೇವರಲ್ಲಮ್ಮಾ" ಎಂದರೆ, "ಇರಲಿ ಬಿಡೋ, ನಿಂಗೆ ಅನ್ನ ಹಾಕೋದು ಅದೇ ತಾನೇ" ಎನ್ನುತ್ತಿದ್ದಳು.

ನನಗೆ ಆ ಕೋಷ್ಟಕದ ಎಡತುದಿಯ ಎರಡು ಕಂಬಗಳನ್ನು ಅವನು ಕಲಿಸಿದ್ದು ಪಾಠದ ಹಾಗಲ್ಲ, ಅಕ್ಕಪಕ್ಕದ ಎರಡು ಮನೆಗಳ ಹರಟೆಯ ಹಾಗೆ. ಮೊದಲ ಕಂಬ ಕ್ಷಾರ ಲೋಹಗಳದ್ದು: ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ. ಅವನ ಬಾಯಲ್ಲಿ ಅವರು ಲೀಲಾ, ನಾಣಿ, ಕಿಟ್ಟಿ. ದೊಡ್ಡವಳು ಲೀಲಾ, ಹಗುರ ಮೈಯವಳು. ಎರಡನೆಯವನು ನಾಣಿ, ನಮ್ಮ ಅಡಿಗೆಮನೆಯ ಉಪ್ಪಿನಲ್ಲಿರುವವನು. ಕಿಟ್ಟಿ ಬಾಳೆಹಣ್ಣಿನಲ್ಲೂ ಪಾತ್ರೆ ತಿಕ್ಕುವ ಒಲೆಬೂದಿಯಲ್ಲೂ ಇರುವವನು. "ಒಂದೇ ಮನೆ ಮಕ್ಕಳು ಕಣೇ ಪುಟ್ಟಿ, ಎಲ್ಲರ ಮುಖಾನೂ ಒಂದೇ ಅಚ್ಚು. ಕೈಲಿರೋದು ಒಂದೊಂದೇ ಎಲೆಕ್ಟ್ರಾನು, ಅದನ್ನೂ ಯಾರು ಕೇಳಿದ್ರೂ ಕೊಟ್ಟುಬಿಡೋ ದಾನಶೂರರು" ಎನ್ನುತ್ತಿದ್ದ. ಪಕ್ಕದ ಕಂಬದವರು ಕ್ಷಾರಮೃತ್ತಿಕೆಯವರು. ಅವರ ಕೈಯಲ್ಲಿ ಎರಡೆರಡು, ಆದ್ದರಿಂದ ಸ್ವಲ್ಪ ಬಿಗಿ, ಸ್ವಲ್ಪ ಗಂಭೀರ. ಪಾನ್ ಅಂಗಡಿಯ ಸುಣ್ಣದಲ್ಲಿ ಕ್ಯಾಲ್ಸಿಯಂ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯ ದಿನ ಮಾಳಿಗೆಯ ಮೇಲೆ ನಿಂತು ನದಿಯಾಚೆಯ ಬಾಣಬಿರುಸು ನೋಡುವಾಗ, ಎಲ್ಲರೂ ವಾಹ್ ವಾಹ್ ಎಂದರೆ ಇವನು ಹಸಿರಿಗೆ "ಬೇರಿಯಂ!" ಎಂದೂ ಕೆಂಪಿಗೆ "ಸ್ಟ್ರಾನ್ಷಿಯಂ!" ಎಂದೂ ಕೂಗುತ್ತಿದ್ದ. ಪಕ್ಕದ ಹರಿಶ್ಚಂದ್ರ ಘಾಟಿನ ಹೊಗೆ ನಮ್ಮ ಮಾಳಿಗೆಗೆ ಬರುತ್ತಿತ್ತು. ಅದನ್ನು ನೋಡುತ್ತ ಒಮ್ಮೆ, "ಎಲ್ಲ ಸುಟ್ಟ ಮೇಲೂ ಉಳಿಯೋದು ಮೂಳೆ, ಅಂದ್ರೆ ಎರಡನೇ ಕಂಬ" ಎಂದಿದ್ದ. ಅಮ್ಮ ಕೇಳಿಸಿಕೊಂಡು, "ಮಗೂ ಹತ್ರ ಆಡೋ ಮಾತೇನೋ ಅದು, ಕೆಳಗಿಳೀರಿ ಇಬ್ರೂ" ಎಂದು ಗದರಿದ್ದಳು.

ಆ ಸೀಸೆ ಬಂದದ್ದು ನಾನು ಆರನೆಯ ತರಗತಿಯಲ್ಲಿದ್ದಾಗ. ಮಧ್ಯಾಹ್ನ, ಮಾಳಿಗೆಯ ಮೇಲೆ, ಚಿಕ್ಕಪ್ಪ ಇವನೇ ನಾಣಿ ಎನ್ನುತ್ತ ಇಕ್ಕಳದಿಂದ ಆ ಗಟ್ಟಿಯನ್ನು ಎತ್ತಿ, ಬ್ಲೇಡಿನಲ್ಲಿ ಅಂಚು ಕೊಯ್ದ. ಲೋಹವೆಂದರೆ ಗಟ್ಟಿ ಎಂದುಕೊಂಡಿದ್ದ ನನಗೆ ಅದು ಬೆಣ್ಣೆಯ ಹಾಗೆ ಕೊಯ್ಯಿಸಿಕೊಂಡದ್ದು ನೋಡಿ ಆಶ್ಚರ್ಯ. ಕೊಯ್ದ ಜಾಗ ಬೆಳ್ಳಿಯಂತೆ ಹೊಳೆದು, ನೋಡುನೋಡುತ್ತಿದ್ದಂತೆಯೇ ಮಂಕಾಯಿತು. ಅಕ್ಕಿಕಾಳಿನಷ್ಟು ಚೂರನ್ನು ಅವನು ತಂಬಿಗೆಯ ನೀರಿಗೆ ಹಾಕಿದ. ಅದು ಚುಂಯ್ ಎಂದು ನೀರಿನ ಮೇಲೆಲ್ಲ ಓಡಾಡಿ, ಹಳದಿಯಾಗಿ ಭಗ್ಗೆಂದು ಹತ್ತಿಕೊಂಡಿತು. ಹಪ್ಪಳ ಒಣಹಾಕಲು ಬಂದಿದ್ದ ಅಜ್ಜಿ ಕಿರುಚಿದಳು: "ಅಯ್ಯೋ ಪಾಪಿ, ಗಂಗೆಗೇ ಬೆಂಕಿ ಹಚ್ತೀಯೇನೋ!" ಅವನು ನಗುತ್ತ, ಅಡಿಗೆಮನೆಯಿಂದ ಒಂದು ಚಿಟಿಕೆ ಅರಿಶಿನ ತರಿಸಿ ಆ ನೀರಿಗೆ ಉದುರಿಸಿದ. ನೀರು ಆರತಿಯ ನೀರಿನಂತೆ ಕೆಂಪಾಯಿತು. ಸುಣ್ಣ ಹಾಕದೆ ಅರಿಶಿನ ಕೆಂಪಾದದ್ದು ನೋಡಿ ಅಜ್ಜಿ ತಂಬಿಗೆಯ ಮೇಲೆ ಬಗ್ಗಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಇನ್ನೊಂದ್ಸಲ ಮಾಡೋ" ಎಂದಳು. ನಮ್ಮ ಮನೆಯಲ್ಲಿ ನಗು ಅಂದರೆ ಅದು. ಅಷ್ಟು ಚೆನ್ನಾಗಿ ನಾವು ಮತ್ತೆ ನಕ್ಕದ್ದು ನನಗೆ ನೆನಪಿಲ್ಲ.

ಮುಂದಿನ ವರ್ಷ ಚಿಕ್ಕಪ್ಪನಿಗೆ ನಿದ್ದೆ ಬಾರದಾಯಿತು. ಮೊದಮೊದಲು ಹುಮ್ಮಸ್ಸೆಂದೇ ಎಲ್ಲರೂ ತಿಳಿದರು. ಬೆಳಗಿನಿಂದ ಬೆಳಗಿನವರೆಗೆ ಮಾತು, ಪಾಠ, ಹಾಡು. ಗೋಡೆಯ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆಯತೊಡಗಿದ. ಲೋಕದಲ್ಲಿ ಯಾರಿಗೂ ಸಿಗದ ಧಾತು ತನಗೆ ಗಂಗೆಯ ಮರಳಿನಲ್ಲಿ ಸಿಕ್ಕಿದೆ ಎಂದು ಘಾಟಿನಲ್ಲಿ ಕಂಡಕಂಡ ಯಾತ್ರಿಕರನ್ನು ನಿಲ್ಲಿಸಿ ಹೇಳಿದ. ಆಮೇಲೆ ಒಂದು ದಿನ ಎಲ್ಲ ನಿಂತಿತು. ಗೋಡೆಗೆ ಮುಖ ಮಾಡಿ ಮಲಗಿದವನು ಚಳಿಗಾಲ ಕಳೆದರೂ ಏಳಲಿಲ್ಲ. ಅಪ್ಪ ಕೊನೆಗೆ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಕೊಟ್ಟ ಬಿಳಿ ಮಾತ್ರೆ ಕೆಲಸ ಮಾಡಿತು. ಎದ್ದು ಕೂತ, ಸ್ನಾನ ಮಾಡಿದ, ಕಾಲೇಜಿಗೆ ಹೋದ. ಮಾತ್ರೆಯ ಡಬ್ಬಿ ತಿರುಗಿಸಿ ಹೆಸರು ಓದಿ ಅವನು ನಕ್ಕ ನಗು ಕಣ್ಣಿಗೆ ಕಟ್ಟಿದ ಹಾಗಿದೆ. ಅದರಲ್ಲಿದ್ದದ್ದು ಲಿಥಿಯಂ. "ನೋಡೇ ಪುಟ್ಟಿ, ಇಷ್ಟು ವರ್ಷ ಲೀಲನ ಪಾಠ ನಾನು ಹೇಳ್ದೆ. ಈಗ ಲೀಲನೇ ಬಂದು ನನ್ನನ್ನ ನೋಡ್ಕೋತಿದಾಳೆ" ಎಂದ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು, ಊಟ ಯಾವಾಗಿನಂತೆಯೇ ಇರಲಿ ಎಂದು ಡಾಕ್ಟರು ಹೇಳಿದ್ದರಂತೆ. ಊಟ ಯಾವಾಗಿನಂತೆಯೇ ಇರಲಿ ಎಂಬ ಮಾತನ್ನು ನಮ್ಮವರು ಪಥ್ಯವಿಲ್ಲ ಎಂದು ಅರ್ಥಮಾಡಿಕೊಂಡು ಸಂತೋಷಪಟ್ಟರು. ಅದು ಅಪ್ಪಣೆ ಎಂದು ಯಾರಿಗೂ ಹೊಳೆಯಲಿಲ್ಲ.

ಹಲವು ವರ್ಷ ಹಾಗೆಯೇ ನಡೆಯಿತು. ಬಾಯಾರಿಕೆಗೆ ಅವನು ಹೋದಲ್ಲೆಲ್ಲ ನೀರಿನ ಬಾಟಲಿ ಹಿಡಿದೇ ಹೋಗುತ್ತಿದ್ದ. ಕೈ ಸಣ್ಣಗೆ ನಡುಗುತ್ತಿತ್ತು, ಕರಿಹಲಗೆಯ ಮೇಲೆ ಗೆರೆ ಅಲೆಯುತ್ತಿತ್ತು. ಅವನಿಗೆ ಅದು ದೊಡ್ಡದಾಗಿರಲಿಲ್ಲ. ಅಜ್ಜಿ ಮಾತ್ರ ಆ ನಡುಕ ಕಂಡಾಗಲೆಲ್ಲ ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಳ್ಳುತ್ತಿದ್ದಳು. ಕಾಯಿಲೆ ಇನ್ನೂ ಒಳಗೇ ಕೂತಿದೆ, ಮಾತ್ರೆ ಅದನ್ನು ಬರೀ ಮುಚ್ಚಿಟ್ಟಿದೆ ಎಂದು ಅವಳ ನಂಬಿಕೆ. ತಾನು ಬದುಕಿರುವಾಗಲೇ ಮಗನ ಮಾತ್ರೆ ಬಿಡಿಸಬೇಕು ಎಂದು ಹಟ ಹಿಡಿದಳು.

ಕಾಶಿಗೆ ಬಂದವರು ತಮಗೆ ಇಷ್ಟವಾದ ಪದಾರ್ಥವೊಂದನ್ನು ಇಲ್ಲಿ ಬಿಟ್ಟು ಹೋಗಬೇಕು, ನಿಮಗೆ ಗೊತ್ತಿರುವುದೇ. ನೀರಿನಲ್ಲಿ ನಿಲ್ಲಿಸಿ ಆ ಸಂಕಲ್ಪ ಹೇಳಿಸುವುದು ಅಪ್ಪನ ದಿನದ ಕೆಲಸಗಳಲ್ಲೊಂದು. ನಮ್ಮ ಜನ ಎಂಥ ಜಾಣರೆಂದರೆ, ಹುಟ್ಟಿದಾಗಿನಿಂದ ಮುಟ್ಟದ ಹಾಗಲಕಾಯಿ ಬಿಡುತ್ತಾರೆ, ಊರಲ್ಲಿ ಸಿಗದ ಹಣ್ಣು ಬಿಡುತ್ತಾರೆ. ಡಾಕ್ಟರು ಆಗಲೇ ಬಿಡಿಸಿದ ಸಕ್ಕರೆಯನ್ನು ಗಂಗೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಅಜ್ಜಿಗೆ ಇದು ಕಂಡರಾಗದು. "ಬೇಡದ್ದು ಬಿಡೋಕೆ ಕಾಶಿಗ್ಯಾಕೆ ಬರಬೇಕು, ಊರಲ್ಲೇ ಬಿಡಬಹುದಲ್ಲ" ಎಂದು ಯಾತ್ರಿಕರ ಎದುರೇ ಗೊಣಗುತ್ತಿದ್ದಳು. ಊರವರಿಗೆಲ್ಲ ಬಿಡಿಸುವ ನಮ್ಮ ಮನೆಯಲ್ಲಿ ಮಾತ್ರ ಯಾರೂ ಏನೂ ಬಿಟ್ಟಿರಲಿಲ್ಲ. ಕಾಶಿಯಲ್ಲೇ ಇರುವವರಿಗೆ ಅದು ಅನ್ವಯಿಸುವುದಿಲ್ಲ ಎಂದುಕೊಂಡಿದ್ದೆವು. ಮಗನ ಕಾಯಿಲೆಗೆ ಅದೇ ಕಾರಣ ಎಂದು ಅಜ್ಜಿಗೆ ಒಂದು ದಿನ ಹೊಳೆಯಿತು. ಹಾಗಾದರೆ ರಾಜು ಏನು ಬಿಡಬೇಕು? ಅವನಿಗೆ ಏನು ಇಷ್ಟವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಉಪ್ಪಿನಕಾಯಿಯ ರಸ ನೆಕ್ಕುವವನು, ಮಜ್ಜಿಗೆಗೆ ಎರಡು ಸಲ ಉಪ್ಪು ಕೇಳುವವನು, ಸೀಬೆಹಣ್ಣಿಗೂ ಉಪ್ಪು ಸವರಿ ಬಾಯಿ ಚಪ್ಪರಿಸುವವನು. ಚಾತುರ್ಮಾಸ್ಯ ಮುಗಿಯುವವರೆಗೆ ರಾಜು ಉಪ್ಪು ಬಿಡಲಿ ಎಂದು ಅಜ್ಜಿ ಹೇಳಿದಳು.

ಅಮ್ಮ ಒಬ್ಬಳೇ, "ಡಾಕ್ಟರನ್ನ ಒಂದ್ಮಾತು ಕೇಳಿದ್ರೆ ಆಗ್ತಿತ್ತು" ಎಂದಳು. ಅಪ್ಪ, "ಉಪ್ಪು ಬಿಡೋಕೆ ಡಾಕ್ಟರನ್ನೇನು ಕೇಳೋದು? ಅವರೇ ಎಲ್ಲರಿಗೂ ಉಪ್ಪು ಕಮ್ಮಿ ಮಾಡಿ ಅಂತಾರೆ" ಎಂದ. ತಪ್ಪೆಂದು ಹೇಗೆ ಹೇಳಲಿ, ಯಾವ ಮನೆಯಲ್ಲಾದರೂ ಹೀಗೇ ಅನ್ನುತ್ತಾರೆ. ಚಿಕ್ಕಪ್ಪ ಮೊದಲು ನಕ್ಕ. ಅಜ್ಜಿ ಅತ್ತಳು. ಅವಳ ಕಣ್ಣೀರು ಕಂಡರೆ ಅವನು ಕರಗಿಹೋಗುತ್ತಿದ್ದ. ಗೋಡೆಗೆ ಮುಖ ಮಾಡಿ ಮಲಗಿದ್ದ ಆ ಚಳಿಗಾಲವೆಲ್ಲ ಅವಳೇ ಅವನಿಗೆ ಅನ್ನ ಕಲಸಿ ಬಾಯಿಗಿಟ್ಟಿದ್ದಳು. "ಆಯ್ತಮ್ಮಾ, ಬಿಡ್ತೀನಿ, ಅಳಬೇಡ" ಎಂದ. ಅವನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕರಿಹಲಗೆಯ ಮೇಲೆ ಅವನಿಗೆ ಎಲ್ಲ ಗೊತ್ತಿತ್ತು. ತನ್ನ ಮೂತ್ರಪಿಂಡದೊಳಗೆ ಅದೇ ಪಾಠ ನಡೆಯುತ್ತದೆ ಎಂದು ಅವನು ಯೋಚಿಸಿರಲಿಲ್ಲ, ಅಷ್ಟೆ. ಆಷಾಢದ ಏಕಾದಶಿಯ ಬೆಳಗ್ಗೆ ಅವನು ಸೊಂಟದವರೆಗಿನ ನೀರಿನಲ್ಲಿ ನಿಂತ. ಮೆಟ್ಟಿಲ ಮೇಲೆ ನಿಂತು ಅಪ್ಪ ಸಂಕಲ್ಪ ಹೇಳಿಸಿದ. ಅಜ್ಜಿ ಕೈಮುಗಿದು ನಿಂತಿದ್ದಳು, ಇಷ್ಟವಾದದ್ದನ್ನು ನಿಜವಾಗಿ ಬಿಟ್ಟವರು ತನ್ನ ಮನೆಯಲ್ಲೇ ಇದ್ದಾರೆ ಎಂಬ ಹೆಮ್ಮೆಯಿಂದ.

ಇಲ್ಲಿನ ಮಳೆಗಾಲವನ್ನು ಬಲ್ಲವರಿಗೆ ಗೊತ್ತು, ಮಳೆಗಿಂತ ಬೆವರೇ ಹೆಚ್ಚು. ಬೆವರಿನಲ್ಲಿ ಇದ್ದಬದ್ದ ಉಪ್ಪೂ ಹೋಯಿತು, ಮಾತ್ರೆ ಮಾತ್ರ ಎಂದಿನಂತೆ ನಡೆದಿತ್ತು. ಶ್ರಾವಣದ ಹೊತ್ತಿಗೆ ಅವನ ಕೈನಡುಕ ಜೋರಾಗಿ ಲೋಟ ಹಲ್ಲಿಗೆ ಬಡಿಯತೊಡಗಿತು. "ವ್ರತ ಹಿಡಿದಾಗ ಕಾಯಿಲೆ ಹೊರಗೆ ಬರ್ತದೆ, ಒಳ್ಳೇದೇ" ಎಂದಳು ಅಜ್ಜಿ. ಆಮೇಲೆ ವಾಂತಿ, ಭೇದಿ. ಹೊಸನೀರಿನ ದೋಷ ಎಂದರು. ಅಮ್ಮ ಔಷಧದಂಗಡಿಯಿಂದ ಓಆರ್‌ಎಸ್ ಪೊಟ್ಟಣ ತಂದು ನೀರಿಗೆ ಕದಡಿ ಕೊಟ್ಟಳು. ಚಿಕ್ಕಪ್ಪ ಒಂದು ಗುಟುಕು ಬಾಯಿಗೆ ಹಾಕಿ, "ಇದ್ರಲ್ಲಿ ಉಪ್ಪಿದೆ ಅತ್ತಿಗೆ" ಎಂದು ಉಗಿದ. ಅಜ್ಜಿ ಲೋಟ ಎತ್ತಿ ಬಚ್ಚಲಿಗೆ ಚೆಲ್ಲಿ, ಬರೀ ಸಕ್ಕರೆ ನೀರು ಮಾಡಿಕೊಟ್ಟಳು. ಎರಡು ದಿನ ಬಿಟ್ಟು ಕಾಲೇಜಿಗೆ ಹೋದವನಿಗೆ ತರಗತಿಯಲ್ಲಿ ನಾಲಗೆ ಹೊರಳಲಿಲ್ಲ. ಕಾಲು ಓಲಾಡಿತು. ಶ್ರಾವಣ ಸೋಮವಾರ, ಊರೆಲ್ಲ ಭಂಗಿ ಬೆರೆಸಿದ ಠಂಡಾಯಿ ಕುಡಿದು ತೇಲುವ ದಿನ, ಹುಡುಗರು, "ಮಾಸ್ಟರ್ ಸಾಹಬ್ ಆಜ್ ಭಾಂಗ್ ಛಾನ್ ಕೇ ಆಯೇ ಹೈಂ!" ಎಂದು, ಮೇಷ್ಟ್ರಿಗೆ ಭಂಗಿ ಏರಿದೆ ಎಂದು, ಮೇಜು ಕುಟ್ಟಿ ನಕ್ಕರಂತೆ. ಮನೆಗೆ ಬರುವ ದಾರಿಯಲ್ಲಿ ಮೆಟ್ಟಿಲ ಮೇಲೆ ಬಿದ್ದ. ಅಲ್ಲೂ ಅವನನ್ನು ಎತ್ತುವ ಮೊದಲು ಜನ ನಕ್ಕರು.

ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರೊಬ್ಬಳಿದ್ದಳು. ಜ್ವರ ಬಂದಿತ್ತೇ, ಬೇರೆ ಔಷಧಿ ಕೊಟ್ಟಿರೇ, ಮಾತ್ರೆ ಹೆಚ್ಚು ನುಂಗಿದರೇ ಎಂದೆಲ್ಲ ಕೇಳಿದಳು. ಇಲ್ಲ, ಇಲ್ಲ ಎಂದ ಅಪ್ಪ. ಅಮ್ಮ ಹಿಂದಿನಿಂದ ಮೆಲ್ಲಗೆ, "ನಮಕ್ ಛೋಡೇ ಹೈಂ" ಎಂದಳು, ಉಪ್ಪು ಬಿಟ್ಟಿದ್ದಾರೆ ಎಂದು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಆಮೇಲೆ ಅವಳು ಹಿಂದಿಯಲ್ಲಿ ಹೇಳಿದ್ದು ಅಪ್ಪನಿಗೆ ಅರ್ಥವಾಯಿತೋ ಇಲ್ಲವೋ, ಹನ್ನೊಂದನೆಯ ತರಗತಿಯಲ್ಲಿದ್ದ ನನಗೆ ಒಂದೇ ಸಲಕ್ಕೆ ಆಯಿತು. ಅಮ್ಮ ನನ್ನ ತೋಳು ಹಿಡಿದು, "ಏನಂತೆ, ಏನಂತೆ?" ಎಂದು ಕೇಳುತ್ತಿದ್ದಳು. "ನಾಣಿ ಬರ್ಲಿಲ್ಲ ಅಂತ ಮೈ ಲೀಲನ್ನೇ ಹಿಡಿದಿಟ್ಕೊಂಡುಬಿಡ್ತು ಅಮ್ಮಾ. ಹೊರಗೆ ಬಿಡಲೇ ಇಲ್ಲ. ಈಗ ಅವಳೇ ವಿಷ ಆಗಿದಾಳೆ" ಎಂದೆ. ಅಮ್ಮನಿಗೂ ಆ ಹೆಸರುಗಳು ಗೊತ್ತಿದ್ದವು. ಗೋಡೆಗೆ ಒರಗಿ ಕೂತುಬಿಟ್ಟಳು.

ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಜೀವ ಉಳಿಯಿತು. ಉಳಿದದ್ದು ಅದೊಂದೇ. ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಿದೆ, ಇದು ಸರಿಹೋಗುವುದಿಲ್ಲ ಎಂದರು. ಒಂದು ಮಾತು ಹೊರಡಿಸಲು ಅವನು ಬಾಯಿ ತೆರೆದು ಎಷ್ಟೋ ಹೊತ್ತು ತಿಣುಕಬೇಕಿತ್ತು. ತುತ್ತು ಬಾಯಿಗೆ ಹೋಗುವ ಮೊದಲು ಎದೆಯ ಮೇಲೆ ಚೆಲ್ಲುತ್ತಿತ್ತು. ಕಾಲೇಜು ಮುಗಿಯಿತು. ಲಿಥಿಯಂ ಅವನಿಗೆ ಇನ್ನು ಯಾವತ್ತೂ ಕೊಡುವ ಹಾಗಿರಲಿಲ್ಲ. ಬೇರೆ ಮಾತ್ರೆಗಳು ಮಂಪರು ತಂದವೇ ಹೊರತು ಒಳಗಿನ ಕತ್ತಲನ್ನು ತಡೆಯಲಿಲ್ಲ. ಮತ್ತೆ ಗೋಡೆಗೆ ಮುಖ. ಮೈಯಲ್ಲಿ ಉಪ್ಪು ಆಗಲೇ ತೀರ ಕಡಿಮೆಯಾಗಿದೆ, ಉಪ್ಪು ಮಾತ್ರ ಬಿಡಿಸಲೇಬೇಡಿ ಎಂದು ಡಾಕ್ಟರು ಕೈಮುಗಿದು ಹೇಳಿ ಕಳಿಸಿದ್ದಳು. ಅಜ್ಜಿಗೆ ಏನು ಹೇಳುವುದು? ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಅಪ್ಪ ನಿರ್ಧರಿಸಿದ್ದ. "ಅಮ್ಮನಿಗೆ ಗೊತ್ತಾದ್ರೆ ಅವಳು ಉಳಿಯಲ್ಲ. ಬಾಯಿ ಬಿಡಬೇಡಿ" ಎಂದ. ಮೊದಲ ಸಲ ನಾನು ಅವನ ಮುಖದ ಮೇಲೆ ಹೊಡೆದ ಹಾಗೆ, "ಸಂಕಲ್ಪ ಹೇಳಿಸಿದ್ದು ನೀವೇ ಅಲ್ವಾ?" ಎಂದೆ. ಅಪ್ಪ ಮಾರನೆಯ ಬೆಳಗ್ಗೆ ಎಂದಿನಂತೆ ಘಾಟಿಗೆ ಹೋಗಿ, ಯಾರೋ ದಂಪತಿಗಳಿಗೆ ಹಾಗಲಕಾಯಿ ಬಿಡಿಸಿ ಬಂದ.

ಅಜ್ಜಿ ಕಂಡದ್ದಿಷ್ಟು: ಸಾಯಬೇಕಿದ್ದ ಮಗ ಬದುಕಿ ಬಂದ. ಯಾವುದರಿಂದ? ವ್ರತದಿಂದ. ಚಾತುರ್ಮಾಸ್ಯ ಮುಗಿದ ಮೇಲೂ ಅವಳು ಉಪ್ಪು ಮುಟ್ಟಗೊಡಲಿಲ್ಲ. ಜೀವ ಇರುವವರೆಗೂ ಬಿಟ್ಟಿರಲಿ ಎಂದಳು. ಆದ್ದರಿಂದ ಅಮ್ಮ ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡು, ಅವನ ಪಾಲಿನ ಅನ್ನಕ್ಕೆ, ಸಾರಿಗೆ ಕದ್ದು ಉಪ್ಪು ಬೆರೆಸುತ್ತಿದ್ದಳು. ಅವನಿಗೆ ಬಾಯಿರುಚಿ ಹೋಗಿತ್ತು, ಆದರೂ ಉಪ್ಪು ಬೆರೆಸಿದ್ದು ಗೊತ್ತಾಗುತ್ತಿದೆ, ತಾಯಿಯ ಸಮಾಧಾನಕ್ಕೆ ಸುಮ್ಮನಿದ್ದಾನೆ ಎಂದೇ ನಾವು ತಿಳಿದಿದ್ದೆವು. ಅಜ್ಜಿಯಂತೂ ಬಂದ ಯಾತ್ರಿಕರನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿಕೊಂಡು ಇದೇ ಕಥೆ ಹೇಳುತ್ತಿದ್ದಳು. "ಬಿಟ್ರೆ ಹೀಗೆ ಬಿಡಬೇಕಮ್ಮಾ. ನನ್ಮಗ ಉಪ್ಪು ಬಿಟ್ಟ, ಯಮನ ಬಾಯಿಂದ ವಾಪಸ್ ಬಂದ." ಒಮ್ಮೆ ಮಂಡ್ಯದ ಕಡೆಯ ಹೆಂಗಸೊಬ್ಬಳು ಮಂಚದ ಮೇಲೆ ಕೂತಿದ್ದ ಚಿಕ್ಕಪ್ಪನ ಕಡೆ ತಿರುಗಿ, "ಹೌದಾ ಸ್ವಾಮಿ?" ಎಂದಳು. ಅವನ ತುಟಿ ಅದುರಿತು. ಹೇಳಿಬಿಡು ಚಿಕ್ಕಪ್ಪಾ, ಹೇಳಿಬಿಡು ಎಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಬಹಳ ಹೊತ್ತಿನ ಮೇಲೆ, "ಹೌ...ದು" ಎಂದ. ಆ ಹೆಂಗಸು ಅವನ ಕಾಲಿಗೆ ನಮಸ್ಕಾರ ಮಾಡಿದಳು. ತನ್ನ ತಾಯಿಗಾಗಿ ಎಂಥ ಸುಳ್ಳು ಹೇಳಿದ ಎಂದು ಅವತ್ತು ನಾನು ಅಡಿಗೆಮನೆಗೆ ಹೋಗಿ ಅತ್ತೆ.

ಕೆಲವು ವರ್ಷಗಳ ನಂತರ ಅಜ್ಜಿ ನೆಮ್ಮದಿಯಾಗಿ ಹೋದಳು, ಏನೂ ತಿಳಿಯದೆ. ವೈಕುಂಠ ಸಮಾರಾಧನೆಯ ಮಾರನೆಯ ದಿನ ನಾವು ನಾಲ್ವರೇ ಊಟಕ್ಕೆ ಉಳಿದಿದ್ದೆವು. ಅಮ್ಮ ಎಲ್ಲರ ಎಲೆಯ ತುದಿಗೆ ಉಪ್ಪು ಬಡಿಸುತ್ತ ಬಂದವಳು ಚಿಕ್ಕಪ್ಪನ ಎಲೆಯ ಮುಂದೆ ಒಂದು ಗಳಿಗೆ ನಿಂತು, ಅಲ್ಲೂ ಒಂದು ಚಿಟಿಕೆ ಇಟ್ಟಳು. ಅವನು ಅದನ್ನು ನೋಡುತ್ತ ಕೂತ. ಆಮೇಲೆ ಆ ನಡುಗುವ ಬೆರಳುಗಳಿಂದ ಉಪ್ಪನ್ನು ಎಲೆಯಾಚೆಗೆ ತಳ್ಳತೊಡಗಿದ. ಬೆರಳು ನಿಲ್ಲುತ್ತಿರಲಿಲ್ಲ, ಉಪ್ಪು ಎಲೆಯ ಮೇಲೆಲ್ಲ ಹರಡಿತು, ಮತ್ತೆ ಒಟ್ಟುಮಾಡಿ ಮತ್ತೆ ತಳ್ಳಿದ. "ತಿನ್ನು ರಾಜು, ಇನ್ನು ಯಾರಿಗೂ ಮುಚ್ಚಿಡಬೇಕಾಗಿಲ್ಲ. ಉಪ್ಪು ಬಿಟ್ಟೇ ಅಲ್ವೇನಪ್ಪಾ ನಿಂಗೆ ಹೀಗಾಗಿದ್ದು? ನಿಂಗೆ ಗೊತ್ತಲ್ಲ, ಲೀಲಾ, ನಾಣಿ..." ಎಂದಳು ಅಮ್ಮ. ಅವನು ಆ ಹೆಸರುಗಳನ್ನು ಯಾವತ್ತೂ ಕೇಳಿಲ್ಲದವನ ಹಾಗೆ ಅವಳ ಮುಖ ನೋಡಿದ. ತುಂಬ ಹೊತ್ತು ತಿಣುಕಿ, "ಬಿಟ್ಟಿ...ದ್ದೀನಿ ಅತ್ತಿಗೆ. ಅದ...ಕ್ಕೇ ಉಳಿ...ದಿದ್ದೀನಿ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಜ್ಜಿಯ ಕಥೆಯನ್ನು ಎಂದಿನಿಂದ ನಂಬಿದ್ದನೋ ನನಗೆ ಗೊತ್ತಿಲ್ಲ. ಅಪ್ಪ ತಲೆ ತಗ್ಗಿಸಿದವನು ಎತ್ತಲಿಲ್ಲ. ಅಮ್ಮ ಆ ಎಲೆಯನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿದ ಸದ್ದಾಯಿತು. ಬೇರೆ ಎಲೆಯಲ್ಲಿ ಅನ್ನ ಕಲಸಿ ತಂದು ಅವನ ಮುಂದಿಟ್ಟು, "ತಗೋ, ಇದ್ರಲ್ಲಿ ಉಪ್ಪಿಲ್ಲ" ಎಂದಳು. ಅವನು ಬದುಕಿದ್ದಷ್ಟು ದಿನವೂ ಹಾಗೆಯೇ ಹೇಳಿ ಬಡಿಸಿದಳು.